ಮಬ್ಬಾಗಿದ್ದ ಮನೆಯ ಈಜುಕೊಳ ಮತ್ತು ಮಾಪುಸಾದ ಒಂದು ನಿರ್ವಹಣಾ ಸೇವೆ

ಗೋವಾದ ಬಾರ್ದೇಶ ತಾಲ್ಲೂಕಿನಲ್ಲಿ ಮನೆಗಳ ಹಿತ್ತಲಿನ ಈಜುಕೊಳಗಳನ್ನು ನೋಡಿಕೊಳ್ಳುವ, ಮಾಪುಸಾದಲ್ಲಿ ಪುಟ್ಟ ಗೋದಾಮು ಇಟ್ಟುಕೊಂಡಿರುವ ತಂಡವೊಂದರ ಕೆಲಸವನ್ನು ಕುರಿತು ಬರೆಯುತ್ತಿದ್ದೇನೆ. ತಂಡದ ಹಿರಿಯರು ಬಾಗಲಕೋಟೆ ಕಡೆಯವರು. ಮಗ ಮತ್ತು ಅಳಿಯ ಜೊತೆಗಿದ್ದಾರೆ. ಈಗಿರುವ ಗಿರಾಕಿಗಳಿಗೇ ತಮ್ಮ ಕೈಗಳು ಸಾಲುತ್ತಿಲ್ಲ, ಹೆಸರು ಹಾಕುವುದು ಬೇಡ ಎಂದು ಅವರು ಕೇಳಿಕೊಂಡದ್ದರಿಂದ ಇಲ್ಲಿ ಹೆಸರನ್ನು ಬಿಟ್ಟಿದ್ದೇನೆ. ಆದರೂ ಅವರು ಕೆಲಸ ಮಾಡಿದ ಕ್ರಮವನ್ನು ವಿವರವಾಗಿ ಬರೆದಿಡಬೇಕೆಂದು ಅನ್ನಿಸಿತು. ಪರ್ವರಿ, ಸಾಲಿಗಾಂವ್, ಅಸಗಾಂವ್ ಕಡೆ ಮನೆ ಮಾಡಿಕೊಂಡಿರುವ ಪರಿಚಿತ ಕನ್ನಡಿಗರಲ್ಲಿ ಹಲವರು ಮಬ್ಬು ನೀರಿಗೆಂದು ವರ್ಷವರ್ಷವೂ ಹಣ ಸುರಿಯುತ್ತಿದ್ದಾರೆ. ಒಂದು ಸೇವೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಏನನ್ನು ನೋಡಬೇಕೆಂಬುದು ಅವರಿಗೆ ಉಪಯೋಗವಾಗಬಹುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ತಂಡ ನೀರಿಗೆ ಏನನ್ನೇ ಹಾಕುವ ಮುನ್ನ ಅಳೆಯುತ್ತದೆ, ಅಳತೆಗೆ ತಕ್ಕಂತೆ ನಡೆಯುತ್ತದೆ, ಬೇಡದ್ದನ್ನು ಮಾರುವುದಿಲ್ಲ. ಅವರಲ್ಲಿ ಕೆಲವು ಕೊರತೆಗಳೂ ಇವೆ, ಅವುಗಳಲ್ಲಿ ಒಂದು ಗಂಭೀರವಾದದ್ದು. ಅದನ್ನೂ ಮುಂದೆ ಹೇಳುತ್ತೇನೆ.

ನಮ್ಮ ಕೊಳ 8 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳ; ಎಂದರೆ ಸುಮಾರು 60,000 ಲೀಟರ್ ನೀರು. ಹೆಂಚಿನ ಒಳಮೈ, ಮರಳಿನ ಫಿಲ್ಟರ್. ಭಾನುವಾರಗಳಂದು ಸುತ್ತಮುತ್ತಲಿನ ನಾಲ್ಕಾರು ಕನ್ನಡ ಕುಟುಂಬಗಳ ಮಕ್ಕಳು ಈಜಲು ಬರುತ್ತಾರೆ. ಏಪ್ರಿಲ್ ಮುಗಿಯುವ ಹೊತ್ತಿಗೆ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಹಸಿರು ಇರಲಿಲ್ಲ, ಕೆಟ್ಟ ವಾಸನೆಯೂ ಇರಲಿಲ್ಲ, ಆದರೆ ಆಳದ ಕಡೆಯ ತಳದಲ್ಲಿರುವ ಬಿಳಿ ಜಾಲರಿ ಮಾತ್ರ ಕಾಣುತ್ತಿರಲಿಲ್ಲ. ಆವರೆಗೆ ನಿರ್ವಹಣೆ ಮಾಡುತ್ತಿದ್ದ ಸಂಸ್ಥೆಯವರು ಮೊದಲು ಕ್ಲೋರಿನ್ ಮಾತ್ರೆಗಳನ್ನು ಹೆಚ್ಚಿಸಿದರು, ನಂತರ ಬ್ಲೀಚಿಂಗ್ ಪೌಡರ್ ಸುರಿದರು, ಕೊನೆಗೆ ಪಟಿಕದ ಪುಡಿಯನ್ನೂ ಎರಚಿದರು. ಪ್ರತಿಬಾರಿಯೂ ನೀರು ಒಂದೆರಡು ದಿನ ತುಸು ಸುಧಾರಿಸಿದಂತೆ ಕಂಡು ಮತ್ತೆ ಮೊದಲಿನ ಸ್ಥಿತಿಗೇ ಮರಳುತ್ತಿತ್ತು. ಅವರ ಬಿಲ್ಲುಗಳಲ್ಲಿ ಹಾಕಿದ ರಾಸಾಯನಿಕಗಳ ಹೆಸರಿತ್ತೇ ಹೊರತು ನೀರಿನ ಒಂದೇ ಒಂದು ಅಳತೆಯೂ ಇರಲಿಲ್ಲ.

ಮಾಪುಸಾದವರು ಬಂದವರೇ ಮಾಡಿದ ಮೊದಲ ಕೆಲಸ ಕೊಳಕ್ಕೆ ಯಾರೂ ಇಳಿಯದಂತೆ ತಡೆದದ್ದು. ಆ ಭಾನುವಾರ ಮಕ್ಕಳು ಬರುವವರಿದ್ದರು. ಹಿರಿಯರು ಕೊಳದ ಅಂಚಿನಲ್ಲಿ ನಿಂತು, "ಅಕ್ಕಾರ, ತಳದ ಜಾಳಿಗಿ ಕಾಣಲಿಲ್ಲ ಅಂದ್ರ ಮಕ್ಕಳನ್ನ ಇಳಸಬ್ಯಾಡ್ರಿ. ಒಂದು ಕೂಸು ಮುಳುಗಿದ್ರೂ ಮ್ಯಾಲೆ ನಿಂತವ್ರಿಗೆ ಗೊತ್ತಾಗಂಗಿಲ್ಲ" ಎಂದರು. ಈ ಮಾತು ಎಲ್ಲ ಈಜುಕೊಳಗಳ ಮಾಲೀಕರಿಗೂ ಅನ್ವಯಿಸುತ್ತದೆ. ಮಬ್ಬು ನೀರಿನಿಂದ ಬರುವ ಕಣ್ಣುರಿ, ತುರಿಕೆಗಳ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಮುಳುಗಿದವರು ಕಣ್ಣಿಗೆ ಬೀಳದೆ ಹೋಗುವ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು. ತಮ್ಮ ಗಿರಾಕಿಗೆ ಬೇಸರವಾದೀತು ಎಂದು ಹಿಂಜರಿಯದೆ ಇದನ್ನು ಹೇಳಿದ್ದಕ್ಕಾಗಿ ನಾನು ಅವರನ್ನು ಮನಸಾರೆ ಮೆಚ್ಚುತ್ತೇನೆ.

ಅನಂತರ ಪರೀಕ್ಷೆ. ಅಂಗಡಿಗಳಲ್ಲಿ ಸಿಗುವ ಹಳದಿ ಬಣ್ಣದ ಹನಿಪರೀಕ್ಷೆ ನೀರಿನ ಒಟ್ಟು ಕ್ಲೋರಿನನ್ನು ಮಾತ್ರ ತೋರಿಸುತ್ತದೆ. ಅದರಲ್ಲಿ ಎಷ್ಟು ಇನ್ನೂ ಕೆಲಸಕ್ಕೆ ಬರುವಂಥದ್ದು, ಎಷ್ಟು ಈಗಾಗಲೇ ಬೆವರು, ಮೂತ್ರಗಳ ಜೊತೆ ಕೂಡಿಕೊಂಡು ಸೋತಿರುವಂಥದ್ದು ಎಂದು ಅದರಿಂದ ತಿಳಿಯುವುದಿಲ್ಲ. ಇವರ ಪೆಟ್ಟಿಗೆಯಲ್ಲಿದ್ದದ್ದು ಗುಲಾಬಿ ಬಣ್ಣ ಬರುವ ಡಿಪಿಡಿ ಪರೀಕ್ಷೆ; ಇನ್ನೂ ಕೆಲಸಕ್ಕೆ ಬರುವ ಕ್ಲೋರಿನ್ನನ್ನು, ಎಂದರೆ ಮುಕ್ತ ಕ್ಲೋರಿನ್ನನ್ನು, ಅದು ಬೇರೆಯಾಗಿ ತೋರಿಸುತ್ತದೆ. ಮುಕ್ತ ಕ್ಲೋರಿನ್ 2 ಪಿಪಿಎಂ, ಎಂದರೆ ಹತ್ತು ಲಕ್ಷ ಪಾಲು ನೀರಿಗೆ ಎರಡು ಪಾಲು ಇತ್ತು. ಸಾಮಾನ್ಯವಾಗಿ ಮನೆಯ ಕೊಳಕ್ಕೆ ಹೇಳುವ 1ರಿಂದ 3 ಪಿಪಿಎಂ ಮಿತಿಯೊಳಗೇ ಇದೆಯಲ್ಲ ಎಂದು ಯಾರಾದರೂ ಸಮಾಧಾನ ಪಡುವಂಥ ಅಂಕಿ. ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂದು ಹೇಳುವ ಪಿಎಚ್ 8 ಇತ್ತು. ಅದು 7.2ರಿಂದ 7.8ರ ನಡುವೆ ಇರಬೇಕು. ಪಿಎಚ್ 7.5 ಇದ್ದಾಗ ನೀರಿನಲ್ಲಿರುವ ಮುಕ್ತ ಕ್ಲೋರಿನ್‌ನ ಸುಮಾರು ಅರ್ಧದಷ್ಟು ಕ್ರಿಮಿಗಳನ್ನು ಕೊಲ್ಲುವ ಚುರುಕಾದ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಆ ಪಾಲು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಪಿಎಚ್ ಥಟ್ಟನೆ ಏರಿಳಿಯದಂತೆ ತಡೆಯುವ ಕ್ಷಾರೀಯತೆ 70 ಪಿಪಿಎಂ, 80ರಿಂದ 120ರ ವಾಡಿಕೆಯ ಮಿತಿಗಿಂತ ಸ್ವಲ್ಪ ಕಡಿಮೆ.

ನಿಜವಾದ ಕಾರಣ ಸಿಕ್ಕಿದ್ದು ಕೊನೆಯ ಪರೀಕ್ಷೆಯಲ್ಲಿ. ತಳದಲ್ಲಿ ಕಪ್ಪು ಚುಕ್ಕೆ ಇರುವ ಒಂದು ಉದ್ದನೆಯ ಕೊಳವೆ. ಕೊಳದ ನೀರಿಗೆ ಒಂದು ದ್ರಾವಣವನ್ನು ಬೆರೆಸಿದಾಗ, ನೀರಿನಲ್ಲಿ ಸಯನೂರಿಕ್ ಆಮ್ಲ ಇದ್ದಷ್ಟೂ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಅದನ್ನು ಕೊಳವೆಗೆ ನಿಧಾನವಾಗಿ ಸುರಿಯುತ್ತಾ ಮೇಲಿನಿಂದ ನೋಡುತ್ತಿರಬೇಕು. ಕಪ್ಪು ಚುಕ್ಕೆ ಮರೆಯಾದ ಎತ್ತರದಲ್ಲಿ ಬರೆದಿರುವ ಅಂಕಿಯೇ ಉತ್ತರ. ನಮ್ಮ ನೀರಿನಲ್ಲಿ ಕೊಳವೆಯ ಬುಡದಲ್ಲೇ ಚುಕ್ಕೆ ಕಾಣದಾಯಿತು. ಕೊಳವೆಯ ಗೆರೆಗಳು 100ಕ್ಕೇ ಮುಗಿಯುತ್ತವೆ. ಹಿರಿಯರ ಮಗ ಅಷ್ಟಕ್ಕೆ ಬಿಡದೆ, ಕೊಳದ ನೀರಿಗೆ ಸಮಪ್ರಮಾಣದ ನಳದ ನೀರು ಸೇರಿಸಿ ಮತ್ತೆ ಪರೀಕ್ಷಿಸಿದರು. 70 ಎಂದು ಬಂತು. ಎಂದರೆ ಕೊಳದಲ್ಲಿದ್ದದ್ದು 140 ಪಿಪಿಎಂ. ಇರಬೇಕಾದದ್ದು 30ರಿಂದ 50.

ಈ ಆಮ್ಲವೇ ಕೊಳದ ಭಾಷೆಯಲ್ಲಿ ಸ್ಟೆಬಿಲೈಸರ್. ಬಿಸಿಲಿಗೆ ಕ್ಲೋರಿನ್ ಬೇಗ ಹಾಳಾಗದಂತೆ ಅದು ಹಿಡಿದಿಟ್ಟುಕೊಳ್ಳುತ್ತದೆ. ಸ್ವಲ್ಪ ಇದ್ದರೆ ಗೋವಾದ ಬಿಸಿಲಿಗೆ ಬಹಳ ಒಳ್ಳೆಯದು. ಮಿತಿ ಮೀರಿದರೆ ಕ್ಲೋರಿನ್ನನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂದರೆ ಪರೀಕ್ಷೆಯಲ್ಲಿ ಅಂಕಿ ಕಾಣುತ್ತದೆ, ನೀರಿನಲ್ಲಿ ಕೆಲಸ ಮಾತ್ರ ನಡೆಯುವುದಿಲ್ಲ. ಕಣ್ಣಿಗೆ ಹಸಿರಾಗಿ ಕಾಣುವ ಮೊದಲೇ ಸೂಕ್ಷ್ಮ ಪಾಚಿ ನೀರಿನ ತುಂಬ ಹುಟ್ಟಿಕೊಂಡು ಮಬ್ಬು ಕವಿಸುತ್ತದೆ. ಆ ಆಮ್ಲ ಬಂದದ್ದು ಎಲ್ಲಿಂದ? ತೇಲುವ ಡಬ್ಬಿಯಲ್ಲಿಟ್ಟು ಕರಗಲು ಬಿಡುವ ಬಿಳಿ ಮಾತ್ರೆಗಳಿಂದ. ಅವು ಟ್ರೈಕ್ಲೋರೋ ಐಸೋಸಯನೂರಿಕ್ ಆಮ್ಲದ ಮಾತ್ರೆಗಳು. ಕ್ಲೋರಿನ್ ಖರ್ಚಾಗಿ ಹೋದ ಮೇಲೂ ಮಾತ್ರೆಯ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಸಯನೂರಿಕ್ ಆಮ್ಲವಾಗಿ ನೀರಿನಲ್ಲೇ ಉಳಿಯುತ್ತದೆ. ನಮ್ಮ ಕೊಳದ ಲೆಕ್ಕದಲ್ಲಿ ಒಂದು ಕಿಲೋ ಮಾತ್ರೆ ಕರಗಿದರೆ ಸುಮಾರು 9 ಪಿಪಿಎಂ. ತಿಂಗಳಿಗೆ ಎರಡು ಕಿಲೋದಂತೆ ಅಕ್ಟೋಬರಿನಿಂದ ಮೇವರೆಗೆ ಹಾಕುತ್ತಾ ಹೋದರೆ 140 ದಾಟುವುದು ಗುಣಾಕಾರದ ಮಾತು. ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ, ಆಮ್ಲ ಆವಿಯಾಗುವುದಿಲ್ಲ. ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುವುದೂ ಇಲ್ಲ.

ಈ ವಿಷಯದಲ್ಲಿ ಗೋವಾದ ಹವಾಮಾನಕ್ಕೆ ತನ್ನದೇ ಆದ ಲಯವಿದೆ ಎಂಬುದನ್ನು ಹಿರಿಯರು ವಿವರಿಸಿದ ರೀತಿ ನನಗೆ ಬಹಳ ಹಿಡಿಸಿತು. ಪಣಜಿಯ ಸುತ್ತ ವರ್ಷಕ್ಕೆ ಹತ್ತಿರಹತ್ತಿರ 3,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಒಂದೂವರೆ ಮೀಟರ್ ಆಳದ ಕೊಳದ ಮೇಲೆ ಮೂರು ಮೀಟರ್ ಮಳೆ ಬಿದ್ದು ಉಕ್ಕಿ ಹರಿದರೆ ಹಳೆಯ ನೀರು ಬಹುಮಟ್ಟಿಗೆ ತಾನಾಗಿಯೇ ಬದಲಾಗಿಬಿಡುತ್ತದೆ. ಆದ್ದರಿಂದ ಇಲ್ಲಿನ ಕೊಳಗಳಲ್ಲಿ ಸ್ಟೆಬಿಲೈಸರಿನ ತೊಂದರೆ ಬೇಸಿಗೆಯ ಕೊನೆಗೆ ತಲೆಯೆತ್ತುತ್ತದೆ. ಮಳೆಗಾಲದ ತೊಂದರೆಗಳು ಬೇರೆ: ಚಿರೇಕಲ್ಲಿನ ಕೆಂಪು ಮಣ್ಣು ತೊಳೆದು ಬರುವುದು, ಮಳೆನೀರಿನಿಂದ ಕ್ಷಾರೀಯತೆ ಕುಸಿಯುವುದು. ಎರಡೂ ಕಾಲಗಳಲ್ಲಿ ನೀರು ಮಬ್ಬಾಗುತ್ತದೆ, ಆದರೆ ಮದ್ದು ಬೇರೆ ಬೇರೆ. ಎಲ್ಲ ಮಬ್ಬಿಗೂ ಒಂದೇ ಡಬ್ಬಿಯನ್ನು ಮಾರುವವರನ್ನು ನಂಬಬಾರದೆಂದು ನಾನು ಹೇಳುವುದು ಈ ಕಾರಣಕ್ಕೆ.

ಸಯನೂರಿಕ್ ಆಮ್ಲವನ್ನು ತಗ್ಗಿಸುವ ನಂಬಬಹುದಾದ ದಾರಿ ನೀರು ಬದಲಾಯಿಸುವುದೊಂದೇ. ಮೇ ತಿಂಗಳಿನಲ್ಲಿ ಗೋವಾದಲ್ಲಿ ಅದು ಸುಲಭದ ಮಾತಲ್ಲ. ನಳದ ನೀರು ಮನೆಬಳಕೆಗೇ ಎಣಿಸಿ ಎಣಿಸಿ ಬರುವ ಕಾಲ. ಇಲ್ಲಿ ಈ ತಂಡ ತೋರಿದ ಜಾಣ್ಮೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅರ್ಧ ನೀರನ್ನು, ಎಂದರೆ 30,000 ಲೀಟರನ್ನು ಹೇಗೂ ಹೊರಹಾಕಬೇಕಲ್ಲ, ಆ ನೀರಿನ ಜೊತೆಗೇ ಮಬ್ಬನ್ನೂ ತಳಕ್ಕಿಳಿಸಿ ಹೊರಗೆ ಸಾಗಿಸಿಬಿಡೋಣ ಎಂದು ಅವರು ಯೋಚಿಸಿದರು. ಸಾಮಾನ್ಯವಾಗಿ ಕೊಳ ಖಾಲಿ ಮಾಡುವವರು ಮೊದಲು ಮೇಲಿನ ನೀರನ್ನು ಚೆಲ್ಲಿ, ಹೊಸ ನೀರು ತುಂಬಿ, ಆಮೇಲೆ ಮಬ್ಬಿಗೆ ಔಷಧ ಹಾಕಿ ತಳದ ಗಸಿ ಎಳೆಯುವಾಗ ಮತ್ತೆ ಸಾವಿರಾರು ಲೀಟರ್ ಹೊಸ ನೀರನ್ನೇ ಕಳೆದುಕೊಳ್ಳುತ್ತಾರೆ. ಇವರ ಕ್ರಮದಿಂದ ನಮಗೆ ಅಷ್ಟು ಟ್ಯಾಂಕರ್ ನೀರು ಉಳಿಯಿತು.

ಗಸಿ ಇಳಿಸಲು ಬಳಸಿದ್ದು ಪಟಿಕವನ್ನೇ, ಎಂದರೆ ಆಲಂ. ಊರ ಕಡೆ ಹಂಡೆಯ ರಾಡಿ ನೀರಿನಲ್ಲಿ ಪಟಿಕದ ಕಲ್ಲು ಆಡಿಸಿ ತಿಳಿ ಮಾಡುವುದನ್ನು ನಮ್ಮಲ್ಲಿ ಎಷ್ಟೋ ಜನ ನೋಡಿದ್ದೇವೆ. ಹಿಂದಿನ ಸಂಸ್ಥೆಯವರೂ ಅದನ್ನೇ ಹಾಕಿದ್ದರು. ಆದರೆ ಫಿಲ್ಟರ್ ಓಡುತ್ತಿರುವಾಗ, ಅಂದಾಜಿನಲ್ಲಿ. ಪಟಿಕ ಕೆಲಸ ಮಾಡುವುದಕ್ಕೆ ನೀರಿನ ಕ್ಷಾರೀಯತೆ ಬೇಕು, ಏಕೆಂದರೆ ಅದು ಕ್ಷಾರೀಯತೆಯನ್ನು ತಿಂದುಕೊಂಡೇ ಜಿಗುಟಾದ ಬಿಳಿ ಚೂರುಗಳಾಗಿ ಮಾರ್ಪಡುತ್ತದೆ. ಸುಮ್ಮನೆ ತೇಲುತ್ತಿದ್ದ ಸೂಕ್ಷ್ಮ ಕಣಗಳು ಆ ಚೂರುಗಳಿಗೆ ಅಂಟಿಕೊಂಡು ಭಾರವಾಗಿ ಇಳಿಯುತ್ತವೆ. ಸಾವಿರ ಲೀಟರಿಗೆ ಸುಮಾರು 50 ಗ್ರಾಂನಂತೆ ನಮ್ಮ ಕೊಳಕ್ಕೆ 3 ಕಿಲೋ ಬೇಕಾಯಿತು, ಅಷ್ಟು ಪಟಿಕ ಸುಮಾರು 25 ಪಿಪಿಎಂ ಕ್ಷಾರೀಯತೆಯನ್ನು ಕಳೆಯುತ್ತದೆ. ಅದಕ್ಕಾಗಿ ಅವರು ಮೊದಲು ಎರಡು ಕಿಲೋ ಅಡುಗೆ ಸೋಡಾ ಕರಗಿಸಿ ಹಾಕಿದರು. 60,000 ಲೀಟರ್ ನೀರಿನಲ್ಲಿ ಒಂದು ಕಿಲೋ ಸೋಡಾ ಕ್ಷಾರೀಯತೆಯನ್ನು 10 ಪಿಪಿಎಂ ಏರಿಸುತ್ತದೆ, ಕಿರಾಣಿ ಅಂಗಡಿಯ ಸೋಡಾಕ್ಕೂ ಬಣ್ಣದ ಡಬ್ಬಿಯಲ್ಲಿ ದುಬಾರಿ ಬೆಲೆಗೆ ಮಾರುವ "ಆಲ್ಕಲಿನಿಟಿ ಪ್ಲಸ್" ಬಗೆಯ ಪುಡಿಗಳಿಗೂ ಒಳಗಿನ ವಸ್ತುವಿನಲ್ಲಿ ವ್ಯತ್ಯಾಸವಿಲ್ಲ ಎಂದು ಅವರೇ ಹೇಳಿ, ಸೋಡಾವನ್ನು ನಮ್ಮಿಂದಲೇ ತರಿಸಿದರು. ಅದರಿಂದ ಅವರಿಗೆ ಬರಬೇಕಾದ ಲಾಭ ಹೋಯಿತು, ನಮ್ಮ ನಂಬಿಕೆ ಬಂತು.

ಪಟಿಕವನ್ನು ಬಕೆಟ್ಟಿನಲ್ಲಿ ಕರಗಿಸಿ, ಕೊಳದ ಸುತ್ತ ನಡೆಯುತ್ತಾ ಎರಚಿದರು. ಫಿಲ್ಟರಿನ ಮೇಲಿನ ಹಿಡಿಕೆಯನ್ನು ನೀರು ಮರಳಿನ ಮೂಲಕ ಹೋಗದೆ ಸುಮ್ಮನೆ ಸುತ್ತುವ ಸ್ಥಾನಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಬೆರೆಯಲು ಬಿಟ್ಟು, ಪಂಪು ನಿಲ್ಲಿಸಿ ಹೋದರು. ರಾತ್ರಿಯಿಡೀ ನೀರು ಅಲುಗಾಡಬಾರದು. ಬೆಳಿಗ್ಗೆ ಮೇಲಿನ ನೀರು ತಿಳಿಯಾಗಿತ್ತು. ತಳದ ತುಂಬ ಬೂದು ಮಿಶ್ರಿತ ಬಿಳಿಯ ಪದರ ಹಾಸಿತ್ತು. ಚಕ್ರದ ಗಾಡಿಯ ಮೇಲೆ ತಂದ ತಮ್ಮದೇ ಪಂಪಿಗೆ ಉದ್ದನೆಯ ಪೈಪು ಜೋಡಿಸಿ, ಗಸಿಯನ್ನು ಫಿಲ್ಟರಿಗೆ ಕಳಿಸದೆ ನೇರವಾಗಿ ಹೊರಕ್ಕೆ ಎಳೆದರು. ಅಳಿಯನಾದವರು ಉದ್ದ ಕೋಲಿನ ತುದಿಯ ಹೀರುತಲೆಯನ್ನು ತಳದ ಮೇಲೆ ಸರಿಸುತ್ತಿದ್ದ ನಿಧಾನವನ್ನು ನೋಡಿದರೆ ಅವಸರದ ಗಿರಾಕಿಗೆ ಸಿಟ್ಟು ಬಂದೀತು. ಒಂದು ಕಡೆ ಸ್ವಲ್ಪ ಜೋರಾಗಿ ತಳ್ಳಿದ್ದೇ ತಡ, ಗಸಿ ಹೊಗೆಯಂತೆ ಎದ್ದಿತು; ಅವರು ಕೋಲನ್ನು ಅಲ್ಲೇ ಬಿಟ್ಟು, ಅದು ಮತ್ತೆ ಕೂರುವವರೆಗೆ ಬೇರೊಂದು ಮೂಲೆಯಲ್ಲಿ ಇನ್ನೊಂದು ಕೆಲಸ ಹಿಡಿದರು. ಹೀರುತಲೆ ಹಾದುಹೋದ ಜಾಗದಲ್ಲಿ ಹೆಂಚುಗಳ ನಡುವಿನ ಸಿಮೆಂಟಿನ ಗೆರೆಗಳು ಒಂದೊಂದಾಗಿ ಕಾಣತೊಡಗಿದವು. ಗಂಟೆಗೆ ಸುಮಾರು 10,000 ಲೀಟರ್ ಎಳೆಯುವ ಪಂಪು. ತಳ ಸ್ವಚ್ಛವಾಗುವುದಕ್ಕೂ ಕೊಳದ ನೀರು ಅರ್ಧಕ್ಕಿಳಿಯುವುದಕ್ಕೂ ಸರಿಹೋಯಿತು.

ಹೊರಹಾಕುವ ನೀರು ಎಲ್ಲಿಗೆ ಹೋಗುತ್ತದೆ ಎಂದು ಅವರು ಮೊದಲೇ ವಿಚಾರಿಸಿದ್ದರು. ಪಕ್ಕದ ಮನೆಯವರ ಬಾವಿ ಯಾವ ದಿಕ್ಕಿಗಿದೆ ಎಂದು ನೋಡಿಕೊಂಡು, ಅದರಿಂದ ದೂರದ ಇಂಗುಗುಂಡಿಗೆ ಪೈಪು ಎಳೆದರು. ಇಷ್ಟು ಕಾಳಜಿ ಇಟ್ಟುಕೊಂಡವರನ್ನು ನಾನು ಈ ಕಸುಬಿನಲ್ಲಿ ಹಿಂದೆ ಕಂಡಿರಲಿಲ್ಲ. ಅರ್ಧದಾಚೆಗೆ ನೀರು ಇಳಿಸಬೇಡಿ ಎಂದೂ ಹೇಳಿದರು. ಮೇ ತಿಂಗಳಿನಲ್ಲಿ ಅಂತರ್ಜಲ ಕೆಳಗಿರುವುದರಿಂದ ಇಷ್ಟು ಇಳಿಸಬಹುದು, ಮಳೆಗಾಲದಲ್ಲಿ ಕೊಳ ಖಾಲಿ ಮಾಡಿದರೆ ಕೆಳಗಿನಿಂದ ನೆಲದ ನೀರು ಒತ್ತಿ ಹೆಂಚು ಏಳುತ್ತದೆ, ಕೆಲವೊಮ್ಮೆ ತೊಟ್ಟಿಯೇ ಬಿರಿಯುತ್ತದೆ.

ಟ್ಯಾಂಕರ್ ಬಂದಾಗ ಇನ್ನೊಂದು ಸಣ್ಣ ಪರೀಕ್ಷೆ ನಡೆಯಿತು. ಮೊದಲು ಒಂದು ಬಿಳಿ ಬಕೆಟ್ ನೀರು ಹಿಡಿದು, ಅದಕ್ಕೆ ಸ್ವಲ್ಪ ದ್ರವ ಕ್ಲೋರಿನ್ ಹಾಕಿ, ಟ್ಯಾಂಕರಿನವರನ್ನು ಕಾಯಿಸಿದರು. ಚಿರೇಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣದ ಅಂಶ ಇರುವುದುಂಟು. ಅಂಥ ನೀರು ನೋಡಲು ತಿಳಿಯಾಗಿದ್ದರೂ ಕ್ಲೋರಿನ್ ತಗುಲಿದೊಡನೆ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಕೊಳಕ್ಕೆ ತುಂಬಿದರೆ ಹೆಂಚಿನ ಮೇಲೆ ಕಂದು ಕಲೆ ಕೂರುತ್ತದೆ. ಬಕೆಟ್ಟಿನ ನೀರು ಬಣ್ಣ ಬದಲಿಸಲಿಲ್ಲ. ಆಮೇಲೆಯೇ ಪೈಪು ಕೊಳಕ್ಕೆ ಇಳಿಯಿತು.

ಟ್ಯಾಂಕರುಗಳು ಬಂದು ಹೋಗುವ ನಡುವೆ ಫಿಲ್ಟರಿನ ಮುಚ್ಚಳ ತೆಗೆದರು. ಒಳಗಿನ ಮರಳಿನ ಮೇಲ್ಭಾಗ ಎಣ್ಣೆ ಹಿಡಿದು ಹೆಂಟೆ ಹೆಂಟೆಯಾಗಿತ್ತು. ಮಕ್ಕಳು ಹಚ್ಚಿಕೊಂಡು ಬರುವ ಸನ್‌ಸ್ಕ್ರೀನ್, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಹಿಂದೆ ಸುರಿದ ಪಟಿಕ, ಬ್ಲೀಚಿಂಗ್ ಪೌಡರಿನ ಕರಗದ ಸುಣ್ಣ, ಎಲ್ಲವೂ ಸೇರಿ ಗಟ್ಟಿಯಾಗಿದ್ದವು. ಹೆಂಟೆಗಳ ಪಕ್ಕದಲ್ಲಿ ನೀರು ಕೊರೆದ ಕಿರುದಾರಿಗಳು ಕಾಣುತ್ತಿದ್ದವು. ನೀರು ಮರಳಿನಲ್ಲಿ ಹರಡಿ ಇಳಿಯುವ ಬದಲು ಆ ದಾರಿಗಳಲ್ಲಿ ನುಗ್ಗಿ, ಸೋಸದೆಯೇ ಕೊಳಕ್ಕೆ ಹಿಂತಿರುಗುತ್ತಿತ್ತು. ಒತ್ತಡದ ಗೇಜಿನ ಮುಳ್ಳು ತುಕ್ಕು ಹಿಡಿದು ಒಂದೇ ಕಡೆ ನಿಂತಿದ್ದುದರಿಂದ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಐದಾರು ವರ್ಷಗಳಿಗೊಮ್ಮೆ ಮರಳು ಬದಲಾಯಿಸುವುದು ರೂಢಿ; ನಮ್ಮದು ಆ ವಯಸ್ಸು ಮುಟ್ಟಿತ್ತು. ಹೊಳೆಮರಳು ಅಥವಾ ಸಮುದ್ರದ ಮರಳು ಸಾಲದು, ಸುಮಾರು ಅರ್ಧ ಮಿಲಿಮೀಟರ್ ಗಾತ್ರದ, ಜರಡಿ ಹಿಡಿದ ಸಿಲಿಕಾ ಮರಳೇ ಬೇಕು ಎಂದು ಅದನ್ನೇ ತಂದರು. ಫಿಲ್ಟರಿನ ತಳದ ಸೂಕ್ಷ್ಮ ಸೀಳುಗಳಿರುವ ಪೈಪುಗಳು ಮುರಿಯದಂತೆ ಅದರ ತೊಟ್ಟಿಗೆ ಮೊದಲು ಅರ್ಧ ನೀರು ತುಂಬಿ, ಆಮೇಲೆ ಮರಳು ಸುರಿದರು. ಹೊಸ ಗೇಜು ಕೂರಿಸಿ, ಶುಚಿಯಾದ ಫಿಲ್ಟರಿನ ಒತ್ತಡ ಎಷ್ಟೆಂದು ಅದರ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದರು. ಆ ಗೆರೆಗಿಂತ 8ರಿಂದ 10 ಪಿಎಸ್‌ಐ ಮೇಲೇರಿದಾಗ ಬ್ಯಾಕ್‌ವಾಶ್ ಮಾಡಬೇಕು, ಎಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳು ತೊಳೆಯಬೇಕು, ಅದಕ್ಕೆ ಮೊದಲು ಬೇಡ. ಮರಳಿನಲ್ಲಿ ಸ್ವಲ್ಪ ಕೊಳೆ ಕೂತಿದ್ದಾಗಲೇ ಸೋಸುವಿಕೆ ಇನ್ನೂ ಸೂಕ್ಷ್ಮವಾಗುತ್ತದೆ.

ಹೊಸ ನೀರು ಬಂದ ಮೇಲೆ ಸಯನೂರಿಕ್ ಆಮ್ಲ 70ಕ್ಕೆ ಇಳಿಯಿತು. ಇನ್ನೂ ಹೆಚ್ಚೇ; ಉಳಿದದ್ದನ್ನು ಮುಂಗಾರು ನೋಡಿಕೊಳ್ಳುತ್ತದೆ, ಅದಕ್ಕಾಗಿ ಮತ್ತೆ ಟ್ಯಾಂಕರ್ ತರಿಸುವ ಖರ್ಚು ಬೇಡ ಎಂಬ ಅವರ ಸಲಹೆ ಸರಿಯಾಗಿತ್ತು. ಅಲ್ಲಿಯವರೆಗೆ ಕ್ಲೋರಿನ್ ಮಟ್ಟವನ್ನು ಸ್ವಲ್ಪ ಮೇಲೆಯೇ ಇಟ್ಟುಕೊಳ್ಳಬೇಕಾಗುತ್ತದೆ. ಪಿಎಚ್ ಹದಕ್ಕೆ ತಂದು, ಸಂಜೆ ಬಿಸಿಲು ಹೋದ ಮೇಲೆ ದ್ರವ ಕ್ಲೋರಿನ್, ಎಂದರೆ ಸೋಡಿಯಂ ಹೈಪೋಕ್ಲೋರೈಟ್ ಹಾಕಿದರು. ಹತ್ತು ಶೇಕಡಾ ಶಕ್ತಿಯ ಒಂದು ಲೀಟರ್ ದ್ರವ ನಮ್ಮ ಕೊಳದಲ್ಲಿ ಸುಮಾರು 1.6 ಪಿಪಿಎಂ ಏರಿಸುತ್ತದೆ. ಅದರಿಂದ ಸ್ಟೆಬಿಲೈಸರ್ ಸೇರುವುದಿಲ್ಲ, ಸುಣ್ಣದ ಮಬ್ಬೂ ಬರುವುದಿಲ್ಲ. ರಾತ್ರಿ ಹಾಕಿದ ಮೇಲೆ ಒಮ್ಮೆ, ಮರುದಿನ ಸೂರ್ಯ ಏಳುವ ಮುನ್ನ ಒಮ್ಮೆ ಅಳೆಯಲು ನಮಗೇ ಕಲಿಸಿದರು. ಬಿಸಿಲಿಲ್ಲದ ಹೊತ್ತಿನಲ್ಲೂ ಕ್ಲೋರಿನ್ 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ನೀರಿನಲ್ಲಿ ಪಾಚಿ ಇನ್ನೂ ಜೀವಂತವಾಗಿದೆ ಎಂದು ಅರ್ಥ. ಆ ಇಳಿತ ನಿಲ್ಲುವವರೆಗೆ ಕ್ಲೋರಿನ್ ಕೊಡುತ್ತಲೇ ಹೋದರು.

ಪಾಚಿ ಸತ್ತ ಮೇಲೆ ನೀರು ಮತ್ತೆ ತೆಳುವಾಗಿ ಬೂದುಬಣ್ಣಕ್ಕೆ ತಿರುಗಿತು. ಈ ಹಂತದಲ್ಲಿಯೇ ಬಹಳ ಜನ ಧೈರ್ಯಗೆಟ್ಟು ಇನ್ನೊಂದು ಡಬ್ಬಿ ಕೊಳ್ಳುತ್ತಾರೆ. ಸತ್ತ ಪಾಚಿಯ ಕಣಗಳನ್ನು ತೆಗೆಯುವುದು ಫಿಲ್ಟರಿನ ಕೆಲಸ, ಅದಕ್ಕೆ ಸಮಯ ಬೇಕು. ನಮ್ಮ ಪಂಪು ಕೊಳದ ನೀರಿನಷ್ಟು ನೀರನ್ನು ಆರು ಗಂಟೆಯಲ್ಲಿ ಸುತ್ತಿಸುತ್ತದೆ, ಹಾಗೆಂದು ಆರು ಗಂಟೆಯಲ್ಲಿ ಎಲ್ಲ ನೀರೂ ಸೋಸಿತು ಎಂದಲ್ಲ. ಸೋಸಿದ ನೀರು ಸೋಸದ ನೀರಿನ ಜೊತೆ ಬೆರೆಯುತ್ತಲೇ ಇರುವುದರಿಂದ ಒಂದು ಸುತ್ತಿಗೆ ಶೇಕಡಾ 63ರಷ್ಟು, ಎರಡಕ್ಕೆ 86ರಷ್ಟು, ಮೂರಕ್ಕೆ 95ರಷ್ಟು ನೀರು ಮಾತ್ರ ಮರಳನ್ನು ಹಾದಿರುತ್ತದೆ. ಜೊತೆಗೆ ಮರಳಿನ ಫಿಲ್ಟರ್ 20ರಿಂದ 40 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ಕಣಗಳನ್ನು ಒಂದೇ ಸಲಕ್ಕೆ ಹಿಡಿಯಲಾರದು. ಆದ್ದರಿಂದ ಹಗಲುರಾತ್ರಿ ಪಂಪು ಓಡಿಸಿ, ದಿನಕ್ಕೊಮ್ಮೆ ಗೋಡೆಗಳನ್ನು ಬ್ರಷ್ ಮಾಡಿ, ಗೇಜು ನೋಡುತ್ತಿರಿ ಎಂದಷ್ಟೇ ಹೇಳಿ ಹೋದರು. ನೀರು ದಿನದಿಂದ ದಿನಕ್ಕೆ ತಿಳಿಯಾಯಿತು. ವಾರ ಮುಗಿಯುವ ಮೊದಲೇ ಆಳದ ಕಡೆಯ ಜಾಲರಿಯ ಒಂದೊಂದು ಕಡ್ಡಿಯೂ ಮೇಲಿನಿಂದ ಎಣಿಸುವಂತೆ ಕಾಣುತ್ತಿತ್ತು.

ಕನ್ನಡದಲ್ಲಿ ವ್ಯವಹರಿಸುವ ಸೇವೆ ಎಂಬುದು ನಮಗೆ ಭಾವನಾತ್ಮಕ ವಿಷಯ ಮಾತ್ರವಾಗಿರಲಿಲ್ಲ. ನಮ್ಮ ಮನೆಯ ತೋಟ ಮತ್ತು ಪಂಪು ನೋಡಿಕೊಳ್ಳುವ ಹುಡುಗ ಹಾವೇರಿ ಕಡೆಯವನು. ಡಬ್ಬಿಗಳ ಮೇಲಿನ ಇಂಗ್ಲಿಷ್ ಸೂಚನೆ ಅವನಿಗೆ ಓದಲು ಬಾರದು. ತಂಡದವರು ಪಂಪಿನ ಕೋಣೆಯ ಗೋಡೆಗೆ ಒಂದು ಹಲಗೆ ಹೊಡೆದು, ಫಿಲ್ಟರಿನ ಹಿಡಿಕೆಯ ಪ್ರತಿಯೊಂದು ಸ್ಥಾನಕ್ಕೂ ಕನ್ನಡದಲ್ಲಿ ವಿವರಣೆ ಬರೆದರು: "ಸೋಸುವುದು", "ಮರಳು ತೊಳೆಯುವುದು", "ತೊಳೆದ ಮೇಲೆ ಒಂದು ನಿಮಿಷ", "ಹೊರಗೆ ಬಿಡುವುದು". ಎಲ್ಲಕ್ಕಿಂತ ಮೇಲೆ ಕೆಂಪು ಬಣ್ಣದಲ್ಲಿ, "ಪಂಪು ಬಂದ್ ಮಾಡದೆ ಹಿಡಿಕೆ ತಿರುಗಿಸಬ್ಯಾಡ." ಪಂಪು ಓಡುವಾಗ ತಿರುಗಿಸಿದರೆ ಒಳಗಿನ ರಬ್ಬರ್ ಹರಿಯುತ್ತದೆ, ಸೋಸದ ನೀರು ಗೊತ್ತಾಗದಂತೆ ಕೊಳಕ್ಕೆ ಸೋರುತ್ತದೆ. ಈಗ ಹುಡುಗ ಯಾರನ್ನೂ ಕೇಳದೆ ಬ್ಯಾಕ್‌ವಾಶ್ ಮಾಡುತ್ತಾನೆ.

ಇನ್ನು ಕೊರತೆಗಳು. ಗಂಭೀರವಾದದ್ದು ಇದು: ಪಿಎಚ್ ಇಳಿಸಲು ತಂದ ಹೈಡ್ರೋಕ್ಲೋರಿಕ್ ಆಮ್ಲದ ಕ್ಯಾನನ್ನು ಅವರು ದ್ರವ ಕ್ಲೋರಿನ್ ಕ್ಯಾನಿನ ಮಗ್ಗುಲಲ್ಲೇ, ಕಿಟಕಿಯಿಲ್ಲದ ಪಂಪಿನ ಕೋಣೆಯಲ್ಲಿ ಇಟ್ಟು ಹೋಗಿದ್ದರು. ಎರಡೂ ಸೋರಿ ಸೇರಿದರೆ ವಿಷಾನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಹಿಂದಿನ ಮಾತ್ರೆಗಳ ಉಳಿಕೆಯೂ ಅದೇ ಕಪಾಟಿನಲ್ಲಿತ್ತು. ಆ ಮಾತ್ರೆಗಳ ಜೊತೆ ಬ್ಲೀಚಿಂಗ್ ಪೌಡರಿನ ಜಾತಿಯ ಯಾವ ಪುಡಿ ಬೆರೆತರೂ ಬೆಂಕಿ ಹೊತ್ತಿಕೊಳ್ಳಬಹುದು. ನಾನು ಫೋನ್ ಮಾಡಿ ಹೇಳಿದ ಮೇಲೆ ಸಂಜೆಯೊಳಗೆ ಬಂದು, ಆಮ್ಲವನ್ನು ಹೊರಗಿನ ನೆರಳಿನ ಕಟ್ಟೆಗೆ, ಬೀಗವಿರುವ ಪೆಟ್ಟಿಗೆಗೆ ಸಾಗಿಸಿದರು, ಮಾತ್ರೆಗಳನ್ನು ಒಯ್ದರು. ಆದರೆ ಇಷ್ಟು ತಿಳಿದವರಿಂದ ಈ ಅಲಕ್ಷ್ಯ ಆಗಬಾರದಿತ್ತು. ಅವರನ್ನು ಕರೆಸುವವರು ರಾಸಾಯನಿಕಗಳನ್ನು ಎಲ್ಲಿ ಇಡುತ್ತಾರೆಂದು ಜೊತೆಗೆ ನಿಂತು ನೋಡಲೇಬೇಕು.

ಎರಡನೆಯದಾಗಿ, ನೀರಿನ ಅಳತೆಗಳನ್ನು ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಗಿರಾಕಿಗೆ ಬಾಯಿಮಾತಿನಲ್ಲಿ ಹೇಳುತ್ತಾರೆ. ನಾನು ಕೇಳಿ ಪುಟದ ಫೋಟೋ ತೆಗೆದುಕೊಂಡೆ. ಅಳತೆಯೇ ಅವರ ಸೇವೆಯ ತಿರುಳಾಗಿರುವಾಗ ಅದರ ಒಂದು ಪ್ರತಿ ಗಿರಾಕಿಯ ಕೈಗೆ ಸಿಗಬೇಕು. ಶನಿವಾರ, ಭಾನುವಾರ ಫೋನ್ ಎತ್ತುವುದಿಲ್ಲ. ಹೇಳಿದ ವೇಳೆಗೆ ಬರುವುದೂ ಅಪರೂಪ. ಬೆಳಿಗ್ಗೆ ಎಂದರೆ ಮಧ್ಯಾಹ್ನ ಎಂದು ತಿಳಿದುಕೊಂಡರೆ ಮನಸ್ತಾಪ ಇಲ್ಲ.

ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರ ಕೂರಿಸಬಹುದೇ ಎಂದು ನಾನು ಕೇಳಿದಾಗ, ಅದೂ ಕೊನೆಗೆ ಕ್ಲೋರಿನ್ನನ್ನೇ ಕೊಡುತ್ತದೆ, ಪಿಎಚ್ ಏರುತ್ತಾ ಹೋಗುವುದರಿಂದ ಆಮ್ಲದ ಕೆಲಸ ತಪ್ಪುವುದಿಲ್ಲ, ನಿಮ್ಮ ತೊಂದರೆ ಫಿಲ್ಟರಿನದು ಮತ್ತು ಮಾತ್ರೆಗಳದು ಎಂದು ಹೇಳಿ ಬೇಡವೆಂದರು. ಯಂತ್ರ ಮಾರಿದ್ದರೆ ಅವರಿಗೆ ಒಳ್ಳೆಯ ಲಾಭವಿತ್ತು.

ತಿಂಗಳ ಗುತ್ತಿಗೆಯ ದರ ನಾವು ಹಿಂದೆ ಕೊಡುತ್ತಿದ್ದುದರ ಸುಮಾರು ಒಂದೂವರೆ ಪಟ್ಟು. ಕೂಲಿ ಬೇರೆ, ರಾಸಾಯನಿಕ ಬೇರೆ. ರಾಸಾಯನಿಕಕ್ಕೆ ಅಂಗಡಿಯ ಚೀಟಿ ತೋರಿಸಿ ಅಷ್ಟೇ ಹಣ ಪಡೆಯುತ್ತಾರೆ. ರಾಸಾಯನಿಕದ ಖರ್ಚು ಇಳಿದಿರುವುದರಿಂದ ಒಟ್ಟು ಮೊತ್ತದಲ್ಲಿ ದೊಡ್ಡ ವ್ಯತ್ಯಾಸವಾಗಿಲ್ಲ. ಮರಳು ಬದಲಾವಣೆ ಮತ್ತು ಟ್ಯಾಂಕರ್ ವೆಚ್ಚ ಗುತ್ತಿಗೆಯಲ್ಲಿ ಸೇರುವುದಿಲ್ಲ, ಅದನ್ನು ಮೊದಲೇ ಮಾತಾಡಿಕೊಳ್ಳಬೇಕು. ಒಂದು ಷರತ್ತಿನ ಮೇಲೆ ಮಾತ್ರ ಅವರು ಕೆಲಸ ಒಪ್ಪಿಕೊಳ್ಳುತ್ತಾರೆ: ವಿದ್ಯುತ್ ಬಿಲ್ಲಿಗೆ ಹೆದರಿ ಪಂಪನ್ನು ದಿನಕ್ಕೆ ಎರಡು ಗಂಟೆ ಮಾತ್ರ ಓಡಿಸುವವರ ಕೊಳಕ್ಕೆ ಅವರು ಕೈ ಹಾಕುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಕನಿಷ್ಠ ಎಂಟು ಗಂಟೆ ಎಂಬುದು ಅವರ ಲೆಕ್ಕ. ಜೂನ್‌ನಿಂದ ನಮ್ಮ ಗುತ್ತಿಗೆ ಮುಂದುವರಿದಿದೆ, ಮಳೆ ನಿಂತ ಮೇಲೆ ಸಯನೂರಿಕ್ ಆಮ್ಲವನ್ನು ಮತ್ತೊಮ್ಮೆ ಅಳೆದು, ಅದು 30ಕ್ಕಿಂತ ಕೆಳಗಿದ್ದರೆ ಬೇಕಾದಷ್ಟನ್ನು ಮಾತ್ರ ತೂಗಿ ಸೇರಿಸುವುದೆಂದು ಒಪ್ಪಂದದ ಕಾಗದದಲ್ಲಿ ಬರೆಸಿಕೊಂಡಿದ್ದೇನೆ.